ಎರಡು ಅಡಿ ಜಾಗದಲ್ಲಿ ಇಡೀ ಘಟ್ಟ: ಮಾದರಿ ರೈಲಿನ ಹಿನ್ನೆಲೆ ಚಿತ್ರ ಬರೆಯುವ ಬಗೆ

ದಸರಾ ಗೊಂಬೆಗಳ ಪಕ್ಕದಲ್ಲಿ ಒಂದು ಊರು, ಒಂದು ಕೆರೆ, ಒಂದು ಸಂತೆಯನ್ನು ಜೋಡಿಸಿ ಅದರ ಸುತ್ತ ಆಟಿಕೆ ರೈಲು ಓಡಿಸುವ ಮನೆಗಳು ನಮ್ಮಲ್ಲಿ ಹಲವು ಇವೆ. ಆ ಆಟಿಕೆಯ ಜಾಗಕ್ಕೆ ಅಳತೆಗೆ ಸರಿಯಾಗಿ ತಯಾರಿಸಿದ ಮಾದರಿ ರೈಲು ಬಂದಾಗ ಒಂದು ಹೊಸ ತೊಂದರೆ ಎದುರಾಗುತ್ತದೆ. ಎಂಜಿನ್ನು ನಿಜದಂತಿರುತ್ತದೆ, ಬೋಗಿಯ ಕಿಟಕಿಯ ಸರಳುಗಳೂ ಎಣಿಸುವಷ್ಟು ಸ್ಪಷ್ಟವಾಗಿರುತ್ತವೆ, ಆದರೆ ಅದರ ಹಿಂದೆ ಗೋಡೆಯ ಸ್ವಿಚ್ ಬೋರ್ಡು ಮತ್ತು ಕ್ಯಾಲೆಂಡರ್ ಕಾಣುತ್ತಿರುತ್ತವೆ. ರೈಲು ಎಷ್ಟು ನಿಜವಾಗಿ ಕಾಣುತ್ತದೆಯೋ ಗೋಡೆ ಅಷ್ಟೇ ಹೆಚ್ಚು ಕಣ್ಣಿಗೆ ಚುಚ್ಚುತ್ತದೆ. ಇದಕ್ಕೆ ಪರಿಹಾರವೆಂದರೆ ಹಳಿಗಳ ಹಿಂದೆ ನಿಲ್ಲಿಸುವ, ಆಕಾಶ ಮತ್ತು ದೂರದ ನೋಟವನ್ನು ಬರೆದ ಹಲಗೆ. ಅದನ್ನೇ ಇಲ್ಲಿ ಹಿನ್ನೆಲೆ ಚಿತ್ರ ಎಂದು ಕರೆಯಲಾಗಿದೆ.

ಚಿತ್ರ ಬರೆಯಲು ಬಾರದವರಿಗೆ ಇದು ಆಗದ ಕೆಲಸವೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಹಿನ್ನೆಲೆಯ ಯಶಸ್ಸು ಕೈಚಳಕಕ್ಕಿಂತ ಹೆಚ್ಚಾಗಿ ದೂರದ ಲೆಕ್ಕವನ್ನು ಅವಲಂಬಿಸಿರುತ್ತದೆ. ದೂರದಲ್ಲಿರುವ ವಸ್ತು ಎಷ್ಟು ಚಿಕ್ಕದಾಗಿ, ಎಷ್ಟು ಮಾಸಲಾಗಿ, ಯಾವ ಮಟ್ಟದಲ್ಲಿ ಕಾಣುತ್ತದೆ ಎಂಬುದನ್ನು ತಿಳಿದವರು ಸಾಧಾರಣ ಕೈಯಿಂದಲೂ ನಂಬುವಂಥ ನೋಟವನ್ನು ಕಟ್ಟಬಲ್ಲರು. ಅದನ್ನು ತಿಳಿಯದ ಒಳ್ಳೆಯ ಚಿತ್ರಕಾರರು ಬರೆದದ್ದು ಚೆಂದದ ಚಿತ್ರವಾಗಿಯೇ ಉಳಿದು, ರೈಲಿನ ಹಿಂದೆ ನೇತುಹಾಕಿದ ಕ್ಯಾಲೆಂಡರಿನಂತೆ ಬೇರೆಯಾಗಿ ನಿಲ್ಲುತ್ತದೆ.

ಮೊದಲು ಅಳತೆಯ ಮಾತು

ಮಾದರಿ ರೈಲಿನ ಲೇಔಟ್ ಎಂದರೆ ಹಳಿ, ನಿಲ್ದಾಣ, ಸೇತುವೆ, ಮರಗಿಡಗಳನ್ನೆಲ್ಲ ಒಂದೇ ಪ್ರಮಾಣದಲ್ಲಿ ಕಿರಿದು ಮಾಡಿ ಜೋಡಿಸಿದ ಮೇಜು. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣಕ್ಕೆ ಎಚ್‌ಒ ಎಂದು ಹೆಸರು. ಅದರಲ್ಲಿ ಎಲ್ಲವೂ ನಿಜದ 87ನೇ ಒಂದು ಭಾಗದಷ್ಟಿರುತ್ತದೆ. ಇನ್ನೂ ಚಿಕ್ಕದಾದ ಎನ್ ಪ್ರಮಾಣದಲ್ಲಿ 160ನೇ ಒಂದು ಭಾಗ, ಬ್ರಿಟನ್ನಿನಲ್ಲಿ ಬಳಕೆಯಲ್ಲಿರುವ ಒಒ ಪ್ರಮಾಣದಲ್ಲಿ ಸುಮಾರು 76ನೇ ಒಂದು ಭಾಗ. ನಮ್ಮ ಹಳೆಯ ನೀಲಿ ಬೋಗಿಗಳ ಉದ್ದ ಸುಮಾರು 21.3 ಮೀಟರ್, ಎಚ್‌ಒ ಪ್ರಮಾಣದಲ್ಲಿ ಅದು 24.5 ಸೆಂಟಿಮೀಟರ್ ಆಗುತ್ತದೆ. ಈ ಪ್ರಮಾಣದ ದೊಡ್ಡ ಲೇಔಟನ್ನು ನೋಡಬೇಕೆನ್ನುವವರಿಗೆ ಪುಣೆಯ ಕೋಥ್ರೂಡ್‌ನಲ್ಲಿರುವ ಜೋಶಿಯವರ ಕಿರುರೈಲು ವಸ್ತುಸಂಗ್ರಹಾಲಯ ಹತ್ತಿರದ ತಾಣ.

ಉದಾಹರಣೆಗಾಗಿ ಈ ಲೇಖನದುದ್ದಕ್ಕೂ ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಟ್ಟದ ಮಾರ್ಗವನ್ನು ಇಟ್ಟುಕೊಳ್ಳೋಣ. ಸುಮಾರು 55 ಕಿ.ಮೀ. ಉದ್ದದ ಈ ಭಾಗದಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು ಇವೆ. ಹಳಿ 50 ಅಡಿ ಸಾಗುವಷ್ಟರಲ್ಲಿ 1 ಅಡಿ ಇಳಿಯುತ್ತದೆ. ಎಡಕುಮೇರಿಯಂಥ ಪುಟ್ಟ ನಿಲ್ದಾಣವನ್ನು ಎಚ್‌ಒ ಪ್ರಮಾಣದಲ್ಲಿ ಮಾಡಲು ಹೊರಟವರ ಬಳಿ 3 ಮೀಟರ್ ಉದ್ದ, 60 ಸೆಂ.ಮೀ. ಅಗಲದ ಮೇಜು ಇದೆ ಎಂದು ಭಾವಿಸೋಣ. ಎರಡು ಅಡಿಯ ಆ ಅಗಲ ನಿಜದಲ್ಲಿ ಕೇವಲ 52 ಮೀಟರ್ ಆಗುತ್ತದೆ. ಅಂದರೆ ಎರಡು ಹಳಿ, ಒಂದು ಪ್ಲಾಟ್‌ಫಾರ್ಮ್, ನಾಲ್ಕಾರು ಮರ ಇವಿಷ್ಟಕ್ಕೇ ಜಾಗ ಮುಗಿಯುತ್ತದೆ. ಐದು ಕಿಲೋಮೀಟರ್ ಆಚೆಯ ಬೆಟ್ಟವನ್ನು ಅದೇ ಪ್ರಮಾಣದಲ್ಲಿ ಅದರ ಜಾಗದಲ್ಲೇ ಇಡಬೇಕೆಂದರೆ ಮೇಜು 57 ಮೀಟರ್ ಹಿಂದಕ್ಕೆ ಚಾಚಬೇಕು. 1712 ಮೀಟರ್ ಎತ್ತರದ ಕುಮಾರ ಪರ್ವತವನ್ನು ಸಮುದ್ರಮಟ್ಟದಿಂದ ಎಬ್ಬಿಸಿ ಮಾದರಿ ಮಾಡಿದರೆ ಅದು ಸುಮಾರು 20 ಮೀಟರ್ ಎತ್ತರವಾಗಿ, ಮನೆಯ ಸೂರನ್ನು ಸೀಳಿಕೊಂಡು ಹೊರಗೆ ಹೋಗುತ್ತದೆ. ಮೇಜಿನ ಮೇಲೆ ಇಡಲಾಗದ ಈ ಎಲ್ಲ ದೂರವನ್ನೂ ಮೂರು ಮಿಲಿಮೀಟರ್ ದಪ್ಪದ ಹಲಗೆ ಹೊರಬೇಕಾಗಿದೆ.

ದೂರವನ್ನು ಹಲಗೆಗೆ ಇಳಿಸುವ ಲೆಕ್ಕ

ಒಂದು ವಸ್ತು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಅದರ ನಿಜವಾದ ಅಳತೆ ಮತ್ತು ಅದು ನಮ್ಮಿಂದ ಇರುವ ದೂರ ಇವೆರಡೂ ಸೇರಿ ನಿರ್ಧರಿಸುತ್ತವೆ. ದೂರ ಎರಡು ಪಟ್ಟಾದರೆ ಕಾಣುವ ಎತ್ತರ ಅರ್ಧವಾಗುತ್ತದೆ. ಆದ್ದರಿಂದ ಹಲಗೆಯ ಮೇಲೆ ಒಂದು ವಸ್ತುವನ್ನು ಎಷ್ಟು ಎತ್ತರ ಬರೆಯಬೇಕೆಂದು ತಿಳಿಯಲು ಒಂದು ಸುಲಭದ ಸೂತ್ರ ಸಾಕು: ವಸ್ತುವಿನ ನಿಜ ಎತ್ತರವನ್ನು ನೋಡುವವರ ಕಣ್ಣಿನಿಂದ ಹಲಗೆಗಿರುವ ದೂರದಿಂದ ಗುಣಿಸಿ, ವಸ್ತುವಿನ ನಿಜ ದೂರದಿಂದ ಭಾಗಿಸಬೇಕು.

ನೋಡುವವರು ಮೇಜಿನ ಅಂಚಿನಿಂದ 60 ಸೆಂ.ಮೀ. ಹಿಂದೆ ನಿಂತರೆ, ಮೇಜಿನ ಅಗಲವೂ ಸೇರಿ ಕಣ್ಣಿಗೂ ಹಲಗೆಗೂ 120 ಸೆಂ.ಮೀ. ಅಂತರವಾಗುತ್ತದೆ. 15 ಮೀಟರ್ ಎತ್ತರದ ಅಡಿಕೆ ಮರವೊಂದು 300 ಮೀಟರ್ ದೂರದಲ್ಲಿದೆ ಎಂದು ತೋರಿಸಬೇಕಾದರೆ 15ನ್ನು 120ರಿಂದ ಗುಣಿಸಿ 300ರಿಂದ ಭಾಗಿಸಿದಾಗ 6 ಸೆಂ.ಮೀ. ಬರುತ್ತದೆ. ಅದೇ ಮರ ಒಂದು ಕಿಲೋಮೀಟರ್ ಆಚೆ ಇದ್ದರೆ 1.8 ಸೆಂ.ಮೀ., ಅಂದರೆ ಹೆಬ್ಬೆರಳ ಉಗುರಿಗಿಂತ ಸ್ವಲ್ಪ ಉದ್ದ. ಅದೇ ಅಡಿಕೆ ಮರವನ್ನು ಮೇಜಿನ ಮೇಲೆ ಮಾದರಿಯಾಗಿ ನಿಲ್ಲಿಸಿದರೆ 17 ಸೆಂ.ಮೀ. ಇರುತ್ತದೆ. ಹದಿನೇಳು, ಆರು, ಎರಡು ಎಂಬ ಈ ಇಳಿಕೆಯನ್ನು ಕಣ್ಣು ಕಂಡ ತಕ್ಷಣ ದೂರವೆಂದು ಓದಿಕೊಳ್ಳುತ್ತದೆ.

ಬೆಟ್ಟಗಳ ವಿಷಯದಲ್ಲಿ ಇದೇ ಲೆಕ್ಕ ಇನ್ನೂ ಬೆರಗಾಗಿಸುವ ಉತ್ತರ ಕೊಡುತ್ತದೆ. ಕಣ್ಣಿನ ಮಟ್ಟಕ್ಕಿಂತ 800 ಮೀಟರ್ ಎತ್ತರಕ್ಕೆ ಏರಿದ, ಮೂರು ಕಿಲೋಮೀಟರ್ ಉದ್ದಕ್ಕೆ ಹರಡಿದ ಬೆಟ್ಟವೊಂದು 6 ಕಿ.ಮೀ. ಆಚೆ ಇದ್ದರೆ ಹಲಗೆಯ ಮೇಲೆ ಅದರ ಎತ್ತರ 16 ಸೆಂ.ಮೀ., ಅಗಲ 60 ಸೆಂ.ಮೀ. ಅಂದರೆ ದೊಡ್ಡ ಬೆಟ್ಟವೂ ಎತ್ತರಕ್ಕಿಂತ ಸುಮಾರು ನಾಲ್ಕು ಪಟ್ಟು ಅಗಲವಾಗಿ ಮಲಗಿರುತ್ತದೆ. ಶಾಲೆಯ ಡ್ರಾಯಿಂಗ್ ಪುಸ್ತಕದಲ್ಲಿ ಎರಡು ತ್ರಿಕೋನಗಳ ನಡುವೆ ಸೂರ್ಯನನ್ನು ಬರೆದು ಕಲಿತ ಕೈ ಬೆಟ್ಟವನ್ನು ಚೂಪಾಗಿ, ವಿಪರೀತ ಎತ್ತರವಾಗಿ ಬರೆಯಲು ಹೊರಡುತ್ತದೆ. ಹೊಸಬರ ಹಿನ್ನೆಲೆಗಳು ಕೃತಕವಾಗಿ ಕಾಣಲು ಇದೇ ಬಹುಪಾಲು ಕಾರಣ.

ದಿಗಂತ ಯಾವ ಎತ್ತರದಲ್ಲಿರಬೇಕು?

ಬಯಲಿನಲ್ಲಿ ನಿಂತಾಗ ನೆಲವೂ ಆಕಾಶವೂ ಕೂಡುವಂತೆ ಕಾಣುವ ಗೆರೆಯೇ ದಿಗಂತ. ಅದು ಯಾವಾಗಲೂ ನೋಡುವವರ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ಕುಳಿತರೆ ಅದು ನಮ್ಮೊಡನೆ ಇಳಿಯುತ್ತದೆ, ಮಹಡಿ ಹತ್ತಿದರೆ ನಮ್ಮೊಡನೆ ಏರುತ್ತದೆ. ಹಲಗೆಯ ಮೇಲೆ ಬರೆದ ಗೆರೆಗೆ ಮಾತ್ರ ಆ ಚಲನೆ ಇಲ್ಲ.

ನಿಂತ ವಯಸ್ಕರ ಕಣ್ಣು ನೆಲದಿಂದ 155 ಸೆಂ.ಮೀ. ಎತ್ತರದಲ್ಲಿದ್ದು, ಹಳಿಗಳು 120 ಸೆಂ.ಮೀ. ಎತ್ತರದಲ್ಲಿದ್ದರೆ ದಿಗಂತವು ಹಳಿಗಿಂತ 35 ಸೆಂ.ಮೀ. ಮೇಲೆ ಬರಬೇಕು. ಎಚ್‌ಒ ಪ್ರಮಾಣದಲ್ಲಿ 35 ಸೆಂ.ಮೀ. ಎಂದರೆ 30 ಮೀಟರ್. ಅಂದರೆ ನಾವು ಆ ನಿಲ್ದಾಣವನ್ನು ಹತ್ತು ಮಹಡಿಯ ಕಟ್ಟಡದ ಮೇಲಿಂದ ನೋಡುತ್ತಿದ್ದೇವೆ. ಸಾಮಾನ್ಯ ಊಟದ ಮೇಜು 75 ಸೆಂ.ಮೀ. ಎತ್ತರವಿರುವುದರಿಂದ ಅದರ ಮೇಲೆ ಜೋಡಿಸಿದರೆ ನೋಟ ಸುಮಾರು 70 ಮೀಟರ್ ಎತ್ತರದಿಂದ ಎಂದಾಗುತ್ತದೆ, ಆಗ ಹಿನ್ನೆಲೆಗಿಂತ ಬೋಗಿಗಳ ಛಾವಣಿಯೇ ಹೆಚ್ಚು ಕಾಣುತ್ತದೆ. ಅನುಭವಿಗಳು ಲೇಔಟನ್ನು ಎದೆಯ ಮಟ್ಟಕ್ಕೆ ಏರಿಸಿ ಇಡುವುದು ಇದರಿಂದಲೇ. ಮೇಜನ್ನು ಏರಿಸಿದಷ್ಟೂ ಹಿನ್ನೆಲೆಯ ಕೆಲಸ ಹಗುರವಾಗುತ್ತದೆ, ಮಕ್ಕಳಿಗೆ ಒಂದು ಸ್ಟೂಲು ಬೇಕಾಗುತ್ತದೆ ಅಷ್ಟೆ.

ನೋಡುವವರೆಲ್ಲರೂ ಒಂದೇ ಎತ್ತರದವರಲ್ಲ ಎಂಬುದಕ್ಕೆ ಒಪ್ಪಂದವೇ ಉತ್ತರ. ಕುಳಿತವರಿಗೂ ನಿಂತವರಿಗೂ ನಡುವೆ, ಹಳಿಯಿಂದ 10ರಿಂದ 15 ಸೆಂ.ಮೀ. ಮೇಲೆ ದಿಗಂತವನ್ನು ಊಹಿಸಿಕೊಂಡು, ಆ ಗೆರೆ ನೇರವಾಗಿ ಕಾಣದಂತೆ ಮರಗಳ ಸಾಲು ಅಥವಾ ಬೆಟ್ಟದ ಏಣಿನಿಂದ ಮುಚ್ಚುವುದು ರೂಢಿ. ಘಟ್ಟದ ನೋಟ ಹೊಸಬರಿಗೆ ಸುಲಭವಾಗುವುದು ಈ ಕಾರಣಕ್ಕೆ. ಅಲ್ಲಿ ಬೆಟ್ಟಗಳು ದಿಗಂತವನ್ನು ತಾವೇ ಮುಚ್ಚಿಬಿಡುತ್ತವೆ. ರಾಯಚೂರು ಕಡೆಯ ಎರೆಭೂಮಿಯ ನೋಟ ಬರೆಯಲು ಸರಳವೆಂದು ತೋರಿದರೂ ಮುಚ್ಚಿಕೊಳ್ಳಲು ಏನೂ ಇಲ್ಲದಿರುವುದರಿಂದ ಅದೇ ಕಷ್ಟದ್ದು. ಕೊಂಕಣ ರೈಲಿನ ಕರಾವಳಿಯನ್ನು ಆರಿಸಿಕೊಂಡವರು ಸಮುದ್ರದ ದಿಗಂತವನ್ನು ಮಟ್ಟಗೋಲು ಇಟ್ಟು ಎಳೆಯಬೇಕು; ಒಂದು ಬದಿಗೆ ಕೂದಲೆಳೆಯಷ್ಟು ವಾಲಿದರೂ ಕಣ್ಣು ಅದನ್ನು ಹಿಡಿಯುತ್ತದೆ.

ದೂರದ ಬೆಟ್ಟ ನೀಲಿಯಾಗುವುದು ಏಕೆ?

ಗಾಳಿ ಪೂರ್ತಿ ಪಾರದರ್ಶಕವಲ್ಲ. ಸೂರ್ಯನ ಬೆಳಕು ಅದರಲ್ಲಿ ಹಾಯುವಾಗ ಗಾಳಿಯ ಅಣುಗಳು ಬೆಳಕನ್ನು ಸುತ್ತಲೂ ಚದುರಿಸುತ್ತವೆ. ಈ ಚದುರಿಕೆ ಎಲ್ಲ ಬಣ್ಣಗಳಿಗೂ ಒಂದೇ ಸಮನಾಗಿರುವುದಿಲ್ಲ. ತರಂಗಾಂತರ ಕಿರಿದಾದಷ್ಟೂ ಅದು ಬಹಳ ಬೇಗ ಹೆಚ್ಚುತ್ತದೆ. 450 ನ್ಯಾನೋಮೀಟರಿನ ನೀಲಿ ಬೆಳಕು 650 ನ್ಯಾನೋಮೀಟರಿನ ಕೆಂಪು ಬೆಳಕಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದುರುತ್ತದೆ. ಆಕಾಶ ನೀಲಿಯಾಗಿರುವುದಕ್ಕೆ ಇದು ಕಾರಣ. ನಮಗೂ ದೂರದ ಬೆಟ್ಟಕ್ಕೂ ನಡುವೆ ಇರುವ ಗಾಳಿಯೂ ಒಂದು ತುಂಡು ಆಕಾಶವೇ ಆಗಿರುವುದರಿಂದ, ಅದರಲ್ಲಿ ಚದುರಿದ ನೀಲಿ ಬೆಳಕು ಬೆಟ್ಟದ ಕಡುಹಸಿರಿನ ಮೇಲೆ ಕೂಡಿಕೊಂಡು ನಮ್ಮ ಕಣ್ಣಿಗೆ ಬರುತ್ತದೆ.

ಇದರ ಪರಿಣಾಮ ಡಿಕಾಕ್ಷನ್ನಿಗೆ ಹಾಲು ಬೆರೆಸಿದಂತೆ. ಹತ್ತಿರದ ಬೆಟ್ಟ ಗಟ್ಟಿ ಡಿಕಾಕ್ಷನ್, ಅದರ ಹಿಂದಿನದಕ್ಕೆ ಸ್ವಲ್ಪ ಹಾಲು ಬಿದ್ದಿದೆ, ಕೊಟ್ಟಕೊನೆಯದು ಬಹುಪಾಲು ಹಾಲೇ. ಇಲ್ಲಿ ಹಾಲಿನ ಜಾಗದಲ್ಲಿರುವುದು ದಿಗಂತದ ಹತ್ತಿರದ ಆಕಾಶದ ಬಣ್ಣ. ದೂರ ಹೆಚ್ಚಿದಂತೆ ಮೂರು ಬದಲಾವಣೆಗಳು ಒಟ್ಟಿಗೆ ಆಗುತ್ತವೆ: ಬಣ್ಣ ಆಕಾಶದ ಕಡೆಗೆ ವಾಲುತ್ತದೆ, ಬೆಳಕು ನೆರಳುಗಳ ನಡುವಿನ ಅಂತರ ಕಡಿಮೆಯಾಗುತ್ತದೆ, ವಿವರಗಳು ಅಳಿಸಿಹೋಗುತ್ತವೆ.

ಎಷ್ಟು ನೀಲಿ ಎಂಬುದು ಋತುವನ್ನು ಅವಲಂಬಿಸಿದೆ. ಮಳೆ ನಿಂತು ಗಾಳಿ ತೊಳೆದಂತಿರುವ ಕಾರ್ತಿಕ, ಮಾರ್ಗಶಿರ ಮಾಸಗಳಲ್ಲಿ ಮಲೆನಾಡಿನ ದೂರದ ಸಾಲುಗಳು ನಿಚ್ಚಳ ನೀಲಿಯಾಗಿರುತ್ತವೆ. ಆಷಾಢದಲ್ಲಿ ಗಾಳಿಯ ತುಂಬ ನೀರಿನ ಹನಿಗಳಿರುತ್ತವೆ. ಹನಿಗಳು ಅಣುಗಳಿಗಿಂತ ಬಹಳ ದೊಡ್ಡವಾದ್ದರಿಂದ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮವಾಗಿ ಚದುರಿಸುತ್ತವೆ, ಹಾಗಾಗಿ ಬೆಟ್ಟ ನೀಲಿಯಾಗುವ ಬದಲು ಬೂದುಬಿಳುಪಾಗಿ, ಅರ್ಧ ಕಿಲೋಮೀಟರಿನಾಚೆಗೇ ಕಾಣೆಯಾಗುತ್ತದೆ. ಬೇಸಿಗೆಯ ಧೂಳು ಅದೇ ನೋಟಕ್ಕೆ ಕಂದುಬಣ್ಣದ ಛಾಯೆ ಕೊಡುತ್ತದೆ. ಮೇಜಿನ ಮೇಲಿನ ಹುಲ್ಲು ಮಳೆಗಾಲದ ಎಳೆಹಸಿರಾಗಿದ್ದು ಹಿಂದಿನ ಬೆಟ್ಟ ಚಳಿಗಾಲದ ನೀಲಿಯಾಗಿದ್ದರೆ ಏನೋ ತಪ್ಪಿದೆ ಎನ್ನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ. ಆದ್ದರಿಂದ ಕುಂಚ ಹಿಡಿಯುವ ಮುಂಚೆ ತಿಂಗಳನ್ನು ನಿರ್ಧರಿಸಿಕೊಳ್ಳುವುದು ಒಳ್ಳೆಯದು.

ನಾಟಕದ ಪರದೆಯಿಂದ ಇದು ಬೇರೆಯಾಗುವುದೆಲ್ಲಿ

ಬರೆದ ಹಿನ್ನೆಲೆ ಕನ್ನಡಿಗರಿಗೆ ಹೊಸದಲ್ಲ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯೂ ಸೇರಿ ನಮ್ಮ ವೃತ್ತಿ ನಾಟಕ ಕಂಪನಿಗಳು ಅರಮನೆ, ಬೀದಿ, ಕಾಡು ಎಂದು ದೃಶ್ಯಕ್ಕೊಂದು ಪರದೆ ಬರೆಸಿಕೊಂಡು ಊರೂರು ತಿರುಗಿದವು. ಕಂಬಗಳ ಸಾಲು ಒಳಗೆ ಒಳಗೆ ಸರಿದು ಒಂದು ಬಿಂದುವಿನಲ್ಲಿ ಕೂಡುವ ಅರಮನೆಯ ಪರದೆ ರಂಗದಲ್ಲಿ ಚೆನ್ನಾಗಿ ಒಪ್ಪುತ್ತದೆ, ಏಕೆಂದರೆ ಪ್ರೇಕ್ಷಕರು ದೂರದಲ್ಲಿ, ಎದುರಿಗೆ, ಕುಳಿತಲ್ಲಿಂದ ಏಳದೆ ನೋಡುತ್ತಾರೆ.

ಮಾದರಿ ರೈಲನ್ನು ನೋಡುವವರು ಅದರ ಜೊತೆಗೇ ನಡೆಯುತ್ತಾರೆ. ಒಂದು ಬಿಂದುವಿನಲ್ಲಿ ಕೂಡುವಂತೆ ಬರೆದ ರಸ್ತೆ ಆ ಬಿಂದುವಿನ ಎದುರಿಗೆ ನಿಂತಾಗ ಮಾತ್ರ ರಸ್ತೆಯಾಗಿರುತ್ತದೆ. ಒಂದೂವರೆ ಮೀಟರ್ ಪಕ್ಕಕ್ಕೆ ಸರಿದರೆ ಹಲಗೆಗೆ ಅಂಟಿಸಿದ ಓರೆ ಪಟ್ಟಿಯಾಗಿಬಿಡುತ್ತದೆ. ಇದಲ್ಲದೆ ನಿಜದ ಜಗತ್ತಿನಲ್ಲಿ ನಾವು ನಡೆದಾಗ ಹತ್ತಿರದ ವಸ್ತುಗಳು ಬೇಗ ಹಿಂದಕ್ಕೆ ಸರಿಯುತ್ತವೆ, ದೂರದವು ಬಹುತೇಕ ನಿಂತಲ್ಲೇ ನಿಂತಿರುತ್ತವೆ. ಚಿತ್ರದಲ್ಲಿ ಹತ್ತಿರದ್ದೂ ದೂರದ್ದೂ ಒಟ್ಟಿಗೇ ಸರಿಯುತ್ತವೆ. ಈ ಸುಳ್ಳನ್ನು ಮೆದುಳು ದೂರದ ಬೆಟ್ಟಗಳ ವಿಷಯದಲ್ಲಿ ಕ್ಷಮಿಸುತ್ತದೆ, ಹತ್ತಿರದ ಮನೆಯ ವಿಷಯದಲ್ಲಿ ಕ್ಷಮಿಸುವುದಿಲ್ಲ.

ಇಡೀ ಕೆಲಸದ ಮೂಲ ನಿಯಮ ಇಲ್ಲಿಂದ ಹುಟ್ಟುತ್ತದೆ. ಸುಮಾರು ಇನ್ನೂರು ಮುನ್ನೂರು ಮೀಟರ್ ಒಳಗಿನ ಯಾವುದನ್ನೂ ಹಲಗೆಯ ಮೇಲೆ ಬರೆಯಬಾರದು. ಹಸು, ಮನುಷ್ಯ, ಗೇಟಿನ ಮುಂದೆ ನಿಂತ ಬಸ್ಸು ಇವೆಲ್ಲ ಮೇಜಿನ ಮೇಲೆ ಗಟ್ಟಿ ಮಾದರಿಗಳಾಗಿ ಇರಬೇಕು, ಇಲ್ಲವೇ ಇರಲೇಬಾರದು. ರಸ್ತೆ ಹಲಗೆಯನ್ನು ಮುಟ್ಟುವ ಮೊದಲೇ ಒಂದು ಮನೆಯ ಹಿಂದಕ್ಕೋ ದಿಬ್ಬದ ಆಚೆಗೋ ತಿರುಗಿ ಮರೆಯಾಗಬೇಕು. ದೂರದ ಮನೆಗಳನ್ನು ಬರೆಯಲೇಬೇಕೆಂದರೆ ಮುಂಭಾಗವಷ್ಟೇ ಕಾಣುವಂತೆ, ಅಥವಾ ತೋಟದ ನಡುವೆ ಮಾಸಿದ ಹೆಂಚಿನ ಒಂದು ಚೂರಷ್ಟೇ ಕಾಣುವಂತೆ ಬರೆದರೆ ಯಾವ ಕಡೆಯಿಂದ ನೋಡಿದರೂ ನಡೆಯುತ್ತದೆ.

ಅಮೆರಿಕದ ಮಾಂಟೆರೆಯಲ್ಲಿ ದೊಡ್ಡ ಲೇಔಟ್ ಕಟ್ಟಿದ ಜಾನ್ ಅಲೆನ್ ಇದೇ ಸಮಸ್ಯೆಗೆ ಬೇರೆ ದಾರಿಗಳನ್ನೂ ಹುಡುಕಿದರು. ಹಿಂದಿನ ವಸ್ತುಗಳನ್ನು ಬೇಕೆಂದೇ ಚಿಕ್ಕ ಪ್ರಮಾಣದಲ್ಲಿ ಮಾಡಿ ದೂರವಿರುವಂತೆ ತೋರಿಸುವುದು, ಕನ್ನಡಿಯನ್ನು ಮರೆಯಲ್ಲಿಟ್ಟು ಬೀದಿಯನ್ನು ಉದ್ದ ಮಾಡುವುದು ಅವರ ಉಪಾಯಗಳಲ್ಲಿ ಸೇರಿದ್ದವು. 1973ರಲ್ಲಿ ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಆ ಲೇಔಟ್ ಬೆಂಕಿಗೆ ಆಹುತಿಯಾಯಿತು. ಫೋಟೊಗಳ ಮೂಲಕ ಅದರ ಪ್ರಭಾವ ಮಾತ್ರ ಉಳಿದಿದೆ.

ಹಲಗೆ, ಮೂಲೆ, ಬಣ್ಣ

3 ಮಿ.ಮೀ. ಹಾರ್ಡ್‌ಬೋರ್ಡ್ ಅಥವಾ ತೆಳು ಪ್ಲೈವುಡ್ ಈ ಕೆಲಸಕ್ಕೆ ಸಾಕು. ಎತ್ತರ ಹಳಿಯ ಮಟ್ಟದಿಂದ 45ರಿಂದ 60 ಸೆಂ.ಮೀ. ಇದ್ದರೆ ಮೇಲಂಚು ನೋಟದಿಂದ ತಪ್ಪಿಸಿಕೊಳ್ಳುತ್ತದೆ. ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಹಾರ್ಡ್‌ಬೋರ್ಡ್ ಮಳೆಗಾಲದ ತೇವ ಹೀರಿ ಉಬ್ಬುವುದರಿಂದ ಮುಂದೆ, ಹಿಂದೆ, ಅಂಚುಗಳಿಗೆ ಎಲ್ಲಕ್ಕೂ ಪ್ರೈಮರ್ ಬಳಿಯಬೇಕು. ಎರಡು ಹಲಗೆ ಸೇರುವ ಕಡೆ ಜಾಲರಿ ಟೇಪು ಅಂಟಿಸಿ, ಪುಟ್ಟಿ ತುಂಬಿ, ಒಣಗಿದ ಮೇಲೆ ಮರಳು ಕಾಗದದಿಂದ ಉಜ್ಜಿ ಬೆರಳಿಗೆ ಸಂದು ತಿಳಿಯದಷ್ಟು ನಯ ಮಾಡಬೇಕು. ಬೆರಳಿಗೆ ತಿಳಿಯುವ ಸಂದು ದೀಪ ಹಾಕಿದಾಗ ಕಣ್ಣಿಗೂ ತಿಳಿಯುತ್ತದೆ. ಗೊಂಬೆ ಹಬ್ಬಕ್ಕಷ್ಟೇ ಬೇಕಾದವರು ದಪ್ಪ ಹತ್ತಿ ಬಟ್ಟೆಯ ಮೇಲೆ ಬರೆದು ಸುತ್ತಿಡಬಹುದು. ಬಣ್ಣದ ಮುಖ ಹೊರಗಿರುವಂತೆ ಸುತ್ತಿದರೆ ಬಿರುಕು ಬಿಡುವುದು ಕಡಿಮೆ.

ಕೋಣೆಯ ಮೂಲೆಯಲ್ಲಿ ಹಲಗೆ ಲಂಬಕೋನದಲ್ಲಿ ಮುರಿದರೆ ಆಕಾಶದಲ್ಲಿ ಒಂದು ಉದ್ದುದ್ದ ಗೆರೆ ಮೂಡುತ್ತದೆ, ಅದನ್ನು ಯಾವ ಬಣ್ಣವೂ ಮರೆಸಲಾರದು. ಹಾಗಾಗಿ ಮೂಲೆಯಲ್ಲಿ ಹಲಗೆಯನ್ನು ಒಂದೂವರೆ ಅಡಿ ತ್ರಿಜ್ಯಕ್ಕೆ ಕಡಿಮೆಯಿಲ್ಲದಂತೆ ಬಾಗಿಸುತ್ತಾರೆ. ಬಾಗಿದ ಮೇಲ್ಮೈಯ ಮೇಲೆ ನೇರ ಗೆರೆಗಳು ಡೊಂಕಾಗಿ ಕಾಣುತ್ತವೆ ಎಂಬುದು ಇನ್ನೊಂದು ಸಮಸ್ಯೆ. ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ ಪ್ರಾಣಿಗಳ ಹಿಂದಿನ ಬಾಗು ಗೋಡೆಗಳಿಗೆ ಭೂದೃಶ್ಯ ಬರೆದ ಜೇಮ್ಸ್ ಪೆರಿ ವಿಲ್ಸನ್ ವಾಸ್ತುಶಿಲ್ಪ ಕಲಿತವರು. ಫೋಟೊದ ಮೇಲೊಂದು, ಗೋಡೆಯ ಮೇಲೊಂದು ಚೌಕಳಿ ಜಾಲ ಎಳೆದು, ಬಾಗಿನ ಲೆಕ್ಕ ಹಿಡಿದು ಚಿತ್ರವನ್ನು ವರ್ಗಾಯಿಸುವ ಕ್ರಮವನ್ನು ಅವರು ರೂಪಿಸಿಕೊಂಡಿದ್ದರು. ಮನೆಯ ಲೇಔಟಿಗೆ ಅಷ್ಟು ಬೇಡ. ಬಾಗಿನ ಜಾಗದಲ್ಲಿ ಆಕಾಶ ಮತ್ತು ಬೆಟ್ಟದ ಏಣು ಬಿಟ್ಟು ಬೇರೇನನ್ನೂ ಬರೆಯದಿದ್ದರೆ ಸಮಸ್ಯೆಯೇ ಇರುವುದಿಲ್ಲ.

ಆಕಾಶಕ್ಕೆ ಗೋಡೆಗೆ ಬಳಿಯುವ ಮ್ಯಾಟ್ ಎಮಲ್ಷನ್ ಬಣ್ಣವೇ ಅಗ್ಗ ಮತ್ತು ಸೂಕ್ತ. ಮಿರುಗುವ ಬಣ್ಣ ದೀಪವನ್ನು ಪ್ರತಿಫಲಿಸುವುದರಿಂದ ಬೇಡ. ಬೆಟ್ಟ, ಮರಗಳಿಗೆ ಅಕ್ರಿಲಿಕ್ ಟ್ಯೂಬುಗಳು: ಬಿಳಿ, ಅಲ್ಟ್ರಾಮರೀನ್ ನೀಲಿ, ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ರಾ ಅಂಬರ್. ಈ ಪಟ್ಟಿಯಲ್ಲಿ ಹಸಿರು ಇಲ್ಲದಿರುವುದು ಮರೆವಿನಿಂದಲ್ಲ. ಟ್ಯೂಬಿನಿಂದ ನೇರವಾಗಿ ಬರುವ ಹಸಿರು ಕಾಡಿನಲ್ಲಿ ಎಲ್ಲೂ ಕಾಣದಷ್ಟು ಕಡುವಾಗಿರುತ್ತದೆ. ಅಲ್ಟ್ರಾಮರೀನಿಗೆ ಓಕರ್ ಬೆರೆಸಿ ಬರುವ ಮಂಕು ಹಸಿರು ನಮ್ಮ ಘಟ್ಟಕ್ಕೆ ಹೆಚ್ಚು ಹತ್ತಿರ.

ಆಕಾಶ

ಆಕಾಶ ಎಲ್ಲೆಡೆ ಒಂದೇ ನೀಲಿಯಲ್ಲ. ನೆತ್ತಿಯ ಕಡೆ ಕಡು, ದಿಗಂತದ ಕಡೆ ಬಹುತೇಕ ಬಿಳಿ, ಏಕೆಂದರೆ ದಿಗಂತದ ಕಡೆ ನೋಡುವಾಗ ನಮ್ಮ ದೃಷ್ಟಿ ಬಹಳ ದಪ್ಪ ಗಾಳಿಯನ್ನು ಹಾಯಬೇಕಾಗಿದ್ದು, ಅಲ್ಲಿ ಬೆಳಕು ಮತ್ತೆ ಮತ್ತೆ ಚದುರಿ ಬಣ್ಣಗಳು ಮರಳಿ ಬೆರೆತುಹೋಗುತ್ತವೆ. ಅರ್ಧ ಮೀಟರ್ ಎತ್ತರದ ಹಲಗೆಯಲ್ಲಿ ಕಾಣುವುದು ದಿಗಂತದ ಹತ್ತಿರದ ಆಕಾಶವೇ ಆದ್ದರಿಂದ ಮೇಲಂಚಿನಲ್ಲೂ ಕಡುನೀಲಿ ಬೇಕಿಲ್ಲ. ಅಂಗಡಿಯ ಬಣ್ಣದ ಪಟ್ಟಿಯಲ್ಲಿ ಒಪ್ಪುವ ನೀಲಿಯನ್ನು ಆರಿಸಿ, ಆಮೇಲೆ ಅದಕ್ಕಿಂತ ಎರಡು ಮಜಲು ತಿಳಿಯಾದುದನ್ನು ಕೊಳ್ಳುವುದು ಸುರಕ್ಷಿತ.

ಮೂರು ಡಬ್ಬಿಗಳಲ್ಲಿ ಬಣ್ಣ ಸಿದ್ಧವಿರಲಿ: ಮೇಲಿಗೆ ತಿಳಿನೀಲಿ, ನಡುವಿಗೆ ಅದಕ್ಕೆ ಅಷ್ಟೇ ಬಿಳಿ ಬೆರೆಸಿದ್ದು, ಕೆಳಗೆ ಒಂದು ಚಿಟಿಕೆ ಓಕರ್ ಸೇರಿಸಿದ ಬಿಳಿ. ಮೂರನ್ನೂ ಅಡ್ಡ ಪಟ್ಟೆಗಳಾಗಿ ಬಳಿದು, ಹಸಿಯಾಗಿರುವಾಗಲೇ ಅಗಲವಾದ ಕುಂಚವನ್ನು ಗುಣಾಕಾರದ ಗುರುತಿನಂತೆ ಓರೆಯಾಗಿ ಆಡಿಸಿ ಒಂದರೊಳಗೊಂದು ಕರಗಿಸಬೇಕು. ಈ ಬಣ್ಣಗಳು ಬೇಗ ಒಣಗುವುದರಿಂದ ಫ್ಯಾನ್ ಆರಿಸಿ, ನೀರಿನ ಸ್ಪ್ರೇ ಬಾಟಲಿಯನ್ನು ಕೈಯಳತೆಯಲ್ಲಿಟ್ಟುಕೊಂಡು, ಇಡೀ ಉದ್ದವನ್ನು ಒಂದೇ ಸಲಕ್ಕೆ ಮುಗಿಸಬೇಕಾಗುತ್ತದೆ. 3 ಮೀಟರ್ ಉದ್ದದ ಹಲಗೆಗೆ ಎರಡು ಸಲ ಬಳಿದರೂ ಒಂದು ಲೀಟರಿಗಿಂತ ಕಡಿಮೆ ಬಣ್ಣ ಸಾಕು, ಆದರೆ ಅದೇ ಬೆರಕೆಯನ್ನು ಒಂದು ಬಾಟಲಿಯಷ್ಟು ಉಳಿಸಿಡಬೇಕು. ಮುಂದಿನ ಎಲ್ಲ ಕೆಲಸಕ್ಕೂ ಕೆಳಗಿನ ಪಟ್ಟೆಯ ಬಣ್ಣ ಬೇಕಾಗುತ್ತದೆ.

ಮೋಡಗಳ ವಿಷಯದಲ್ಲಿ ಜಿಪುಣತನವೇ ಲೇಸು. ಬರೆಯುವುದಾದರೆ ಬುಡ ಚಪ್ಪಟೆ, ತಲೆ ಉರುಟು ಎಂಬುದನ್ನು ನೆನಪಿಡಬೇಕು. ಮೇಲೇರುವ ಗಾಳಿ ಒಂದು ನಿರ್ದಿಷ್ಟ ಎತ್ತರಕ್ಕೆ ತಲುಪಿದಾಗ ಅದರ ಆವಿ ಹನಿಗಟ್ಟುವುದರಿಂದ ಹತ್ತಿಯಂಥ ಮೋಡಗಳ ಬುಡಗಳೆಲ್ಲ ಒಂದೇ ಮಟ್ಟದಲ್ಲಿರುತ್ತವೆ. ದಿಗಂತದ ಕಡೆಗೆ ಹೋದಂತೆ ಅವು ಚಿಕ್ಕವಾಗಿ ಒತ್ತೊತ್ತಾಗುತ್ತವೆ.

ಬೆಟ್ಟದ ಸಾಲುಗಳು

ಯಾವಾಗಲೂ ಹಿಂದಿನಿಂದ ಮುಂದಕ್ಕೆ ಬರೆಯಬೇಕು. ದಿಗಂತದ ಆಕಾಶದ ಬಣ್ಣವನ್ನು ಒಂದು ಬಟ್ಟಲಿಗೆ ತೆಗೆದುಕೊಂಡು ಅದಕ್ಕೆ ಅಲ್ಟ್ರಾಮರೀನ್ ಮತ್ತು ತುಸು ಸಿಯೆನ್ನಾ ಬೆರೆಸಿದರೆ ಕೊಟ್ಟಕೊನೆಯ ಸಾಲಿನ ನೀಲಿಬೂದು ಸಿಗುತ್ತದೆ. ಅದು ಆಕಾಶದಿಂದ ಬೇರೆಯಾಗಿ ಕಾಣುವುದೋ ಇಲ್ಲವೋ ಎಂಬಷ್ಟು ತಿಳಿಯಾಗಿದ್ದರೆ ಸರಿಯಾಗಿದೆ ಎಂದರ್ಥ. ಅದೇ ಬಟ್ಟಲಿಗೆ ಇನ್ನಷ್ಟು ನೀಲಿ, ಒಂದಿಷ್ಟು ಓಕರ್ ಸೇರಿಸಿ ಎರಡನೆಯ ಸಾಲು; ಹಸಿರು ಗೆಲ್ಲುವಂತೆ ಮಾಡಿ ಮೂರನೆಯದು. ಹೊಸ ಬಟ್ಟಲು ತೆಗೆದುಕೊಳ್ಳದೆ ಒಂದೇ ಬೆರಕೆಯನ್ನು ಬೆಳೆಸುತ್ತ ಹೋಗುವುದರಿಂದ ಎಲ್ಲ ಸಾಲುಗಳಲ್ಲೂ ಆಕಾಶದ ಅಂಶ ಉಳಿದು, ನೋಟ ಒಂದೇ ಹೊತ್ತಿನದು ಎನ್ನಿಸುತ್ತದೆ. ಪ್ರತಿ ಸಾಲು ಒಣಗಿದ ಮೇಲೆ ಅದರ ಬುಡಕ್ಕೆ ಆಕಾಶದ ಬಣ್ಣವನ್ನು ಬಹುತೇಕ ಒಣಗಿದ ಸ್ಪಂಜಿನಿಂದ ತಟ್ಟಿದರೆ ಕಣಿವೆಯಲ್ಲಿ ಮಂಜು ನಿಂತಂತಾಗುತ್ತದೆ; ಮುಂದಿನ ಸಾಲಿನ ಏಣು ಆ ಬಿಳುಪಿನ ಎದುರು ಎದ್ದು ನಿಲ್ಲುತ್ತದೆ.

ಪಶ್ಚಿಮ ಘಟ್ಟಕ್ಕೆ ತನ್ನದೇ ಗುರುತುಗಳಿವೆ. ಎತ್ತರದ ನೆತ್ತಿಗಳಲ್ಲಿ ಹುಲ್ಲು, ಮಡಿಕೆಗಳಲ್ಲಿ ಕಪ್ಪುಹಸಿರಿನ ಶೋಲಾ ಕಾಡು. ಈ ಎರಡರ ನಡುವಿನ ಗಡಿ ಕತ್ತರಿಸಿದಂತೆ ಸ್ಪಷ್ಟವಾಗಿರುತ್ತದೆ. ನಡುವಿನ ಸಾಲಿನ ಮೇಲೆ ತಿಳಿಯಾದ ಹುಲ್ಲಿನ ಬಣ್ಣ ಬಳಿದು, ಮಡಿಕೆಗಳಿರುವಲ್ಲಿ ಕಾಡಿನ ನಾಲಿಗೆಗಳನ್ನು ಕೆಳಮುಖವಾಗಿ ಅಗಲವಾಗುವಂತೆ ಇಳಿಬಿಟ್ಟರೆ ಯಾವ ಊರಿನ ಬೆಟ್ಟವೆಂದು ಹೆಸರು ಹೇಳಬೇಕಾಗಿಲ್ಲ. ಎಡಕುಮೇರಿಯ ಹತ್ತಿರ ಕಣಿವೆ ಬಹಳ ಇಕ್ಕಟ್ಟಾದ್ದರಿಂದ ಹಲಗೆಯ ಬಹುಭಾಗವನ್ನು ಕಾಡೇ ಆವರಿಸಿ, ಆಕಾಶಕ್ಕೆ ಮೇಲಿನ ಒಂದು ತುಂಡಷ್ಟೇ ಉಳಿಯುತ್ತದೆ. ಅಂಥಲ್ಲಿ ಮುಂದಿನ ಇಳಿಜಾರಿನ ಮರಗಳನ್ನು ಒಂದೊಂದಾಗಿ ಬರೆಯುವ ಬದಲು ಹರಿದ ಸ್ಪಂಜಿನಿಂದ ಮೊದಲು ಕಡುಬಣ್ಣ, ಅದರ ಮೇಲೆ ಬೆಳಕು ಬೀಳುವ ಬದಿಗೆ ಮಾತ್ರ ತಿಳಿಬಣ್ಣ ತಟ್ಟಬೇಕು. ಅಲ್ಲೊಂದು ಇಲ್ಲೊಂದು ಬೂದುಬಿಳಿ ಕಾಂಡವನ್ನು ಸೂಜಿಮೊನೆಯ ಕುಂಚದಿಂದ ಎಳೆದರೆ ಕಾಡಿಗೆ ಅಳತೆ ಬರುತ್ತದೆ.

ಹಲಗೆ ನೆಲವನ್ನು ಮುಟ್ಟುವ ಕಡೆ

ಎಷ್ಟೇ ಚೆನ್ನಾಗಿ ಬರೆದರೂ ಹಲಗೆ ಮತ್ತು ಮೇಜು ಕೂಡುವ ಗೆರೆ ಕಂಡರೆ ಮಾಯೆ ಅಲ್ಲಿಗೆ ಮುಗಿಯಿತು. ಅದನ್ನು ಮರೆಸಲು ಹಳಿಯ ಹಿಂದೆ ನೆಲವನ್ನು ತುಸು ಏರಿಸಿ, ಆಮೇಲೆ ಹಲಗೆಗೆ ಮುಟ್ಟುವ ಮುನ್ನ ಇಳಿಸುತ್ತಾರೆ. ದಿಬ್ಬದ ಆಚೆಗಿನ ಇಳಿಜಾರು ಕಾಣದಿರುವುದರಿಂದ ಅಲ್ಲೊಂದು ಕಣಿವೆ ಇರಬಹುದೆಂದು ಕಣ್ಣು ಊಹಿಸಿಕೊಳ್ಳುತ್ತದೆ. ಮಾದರಿ ಮರಗಳನ್ನು ಮುಂದೆ ದೊಡ್ಡವು, ಹಿಂದೆ ಚಿಕ್ಕವು ಎಂಬ ಕ್ರಮದಲ್ಲಿ ನೆಟ್ಟು, ಅವುಗಳಿಗೆ ಅಂಟಿಸುವ ಹಸಿರು ಪುಡಿಯನ್ನೇ ಹಲಗೆಯ ಮೇಲೆ ಬರೆದ ಮೊದಲ ಸಾಲಿನ ಮರಗಳ ಬುಡಕ್ಕೂ ಸ್ವಲ್ಪ ಉದುರಿಸಿ ಅಂಟಿಸಿದರೆ ಎಲ್ಲಿ ಮಾದರಿ ಮುಗಿದು ಎಲ್ಲಿ ಚಿತ್ರ ಶುರುವಾಯಿತೆಂಬುದು ತಿಳಿಯುವುದಿಲ್ಲ. ಊರಿನ ದೃಶ್ಯಕ್ಕೆ ಎರಡು ಮೂರು ಸೆಂ.ಮೀ. ಆಳ ಮಾತ್ರ ಇರುವ ಅರೆಮನೆಗಳನ್ನು ಹಲಗೆಗೆ ಒರಗಿಸುವುದೂ ಉಂಟು. ಹಳಿಯೇ ಹಲಗೆಯನ್ನು ದಾಟಿ ಹೋಗಬೇಕಾದಾಗ ಇತರರು ರಸ್ತೆ ಸೇತುವೆಯನ್ನೋ ಕಾರ್ಖಾನೆಯನ್ನೋ ಅಡ್ಡ ಇಡುತ್ತಾರೆ. 57 ಸುರಂಗಗಳ ಮಾರ್ಗವನ್ನು ಆರಿಸಿಕೊಂಡವರಿಗೆ ಆ ಚಿಂತೆಯಿಲ್ಲ.

ಫ್ಲೆಕ್ಸ್ ಮುದ್ರಿಸಿದರೆ ಆಗದೆ?

ಆಗುತ್ತದೆ, ಕೆಲವು ಷರತ್ತುಗಳ ಮೇಲೆ. ಸಾಮಾನ್ಯ ಫ್ಲೆಕ್ಸ್ ಮಿರುಗುತ್ತದೆ, ಆದ್ದರಿಂದ ಮ್ಯಾಟ್ ವಿನೈಲ್ ಕೇಳಬೇಕು. ಫೋಟೊ ತೆಗೆದ ಹೊತ್ತಿನ ನೆರಳು ಮೇಜಿನ ದೀಪದ ದಿಕ್ಕಿಗೆ ಹೊಂದಬೇಕು, ಹತ್ತಿರದ ವಸ್ತುಗಳು ಚಿತ್ರದಲ್ಲಿರಬಾರದು, ಮುದ್ರಿಸುವ ಮೊದಲು ಬಣ್ಣಗಳನ್ನು ಸಾಕಷ್ಟು ಮಂಕಾಗಿಸಬೇಕು. ಫೋಟೊದ ವಿವರಗಳು ಮುಂದಿನ ಮಾದರಿಗಳಿಗಿಂತ ಹರಿತವಾಗಿದ್ದರೆ ಮಾದರಿಗಳೇ ಆಟಿಕೆಗಳಂತೆ ಕಾಣತೊಡಗುತ್ತವೆ. ಆಕಾಶವನ್ನು ಬಣ್ಣದಲ್ಲಿ ಬರೆದು, ಬೆಟ್ಟದ ಸಾಲನ್ನಷ್ಟೇ ಮುದ್ರಿಸಿ ಏಣಿನ ಉದ್ದಕ್ಕೆ ಕತ್ತರಿಸಿ ಅಂಟಿಸುವುದು ನಡುದಾರಿ.

ಬೆಳಕು

ಬಣ್ಣವನ್ನು ಬೆರೆಸಬೇಕಾದುದು ಲೇಔಟಿಗೆ ಹಾಕುವ ದೀಪದ ಅಡಿಯಲ್ಲೇ. ಹಗಲಿನಲ್ಲಿ ಕಿಟಕಿಯ ಬಳಿ ಬೆರೆಸಿದ ನೀಲಿಬೂದು 2700 ಕೆಲ್ವಿನ್ನಿನ ಹಳದಿ ದೀಪದಡಿ ಮಣ್ಣಿನ ಬಣ್ಣಕ್ಕೆ ತಿರುಗಬಹುದು. ಹಗಲಿನ ನೋಟಕ್ಕೆ 4000ರಿಂದ 5000 ಕೆಲ್ವಿನ್ನಿನ, ಬಣ್ಣಗಳನ್ನು ನಿಜವಾಗಿ ತೋರಿಸುವ ಗುಣಾಂಕ 90ಕ್ಕಿಂತ ಹೆಚ್ಚಿರುವ ಎಲ್‌ಇಡಿ ಪಟ್ಟಿಗಳು ಹೊಂದುತ್ತವೆ. ಅವುಗಳನ್ನು ಮೇಜಿನ ಮುಂಭಾಗದ ಮೇಲೆ, ಒಂದು ಅಡ್ಡ ಪಟ್ಟಿಯ ಮರೆಯಲ್ಲಿ ಕೂರಿಸುವುದು ವಾಡಿಕೆ.

ಆದರೆ ಮುಂದಿನಿಂದ ಬರುವ ಬೆಳಕು ಸಿಗ್ನಲ್ ಕಂಬದ ನೆರಳನ್ನು ಆಕಾಶದ ಮೇಲೆ ಬೀಳಿಸಬಲ್ಲದು, ಆಕಾಶದ ಮೇಲೆ ನೆರಳು ಬೀಳುವ ಜಗತ್ತು ಎಲ್ಲೂ ಇಲ್ಲ. ಎತ್ತರದ ವಸ್ತುಗಳನ್ನು ಹಲಗೆಯಿಂದ ಸಾಧ್ಯವಾದಷ್ಟು ಮುಂದಕ್ಕೆ ಇಟ್ಟು, ದೀಪವನ್ನು ಎತ್ತರಕ್ಕೇರಿಸಿದರೆ ನೆರಳು ಕೆಳಗಿಳಿದು ಮರಗಳ ಹಿಂದೆ ಸೇರಿಕೊಳ್ಳುತ್ತದೆ. ಹಲಗೆಗೆ ಮಾತ್ರ ಬೆಳಕು ಬೀಳುವಂತೆ ಇನ್ನೊಂದು ಎಲ್‌ಇಡಿ ಪಟ್ಟಿ ಹಾಕಿದರೆ ಉಳಿದದ್ದೂ ಮಾಸುತ್ತದೆ. ಚಿತ್ರದಲ್ಲಿ ಬರೆದ ಬೆಟ್ಟದ ಬೆಳಕಿನ ಬದಿ ಈ ದೀಪಗಳ ದಿಕ್ಕಿಗೇ ಇರಬೇಕೆಂಬುದು ಹೇಳದೆಯೂ ತಿಳಿಯುವ ಮಾತು, ಆದರೂ ಮರೆತುಹೋಗುವ ಮಾತು.

ಎಲ್ಲ ಮುಗಿದ ಮೇಲೆ ಮೊಬೈಲ್ ಫೋನನ್ನು ಹಳಿಯ ಮಟ್ಟಕ್ಕೆ ಇಳಿಸಿ, ಎಂಜಿನ್ನಿನ ಮೇಲೆ ಫೋಕಸ್ ಮಾಡಿ ಫೋಟೊ ತೆಗೆದು, ಅದನ್ನು ಕಪ್ಪುಬಿಳುಪಿಗೆ ಬದಲಿಸಿ ನೋಡಬೇಕು. ಅತಿ ಕಪ್ಪು ಮತ್ತು ಅತಿ ಬಿಳಿ ಎರಡೂ ಮೇಜಿನ ಮೇಲೆ ಇದ್ದು, ಹಲಗೆಯಲ್ಲಿ ನಡುವಿನ ಬೂದುಗಳು ಮಾತ್ರ ಇದ್ದರೆ ಕೆಲಸ ಮುಗಿದಿದೆ. ಹಲಗೆಯ ಯಾವುದಾದರೂ ಭಾಗ ಎಂಜಿನ್ನಿಗಿಂತ ಮೊದಲು ಕಣ್ಣು ಸೆಳೆದರೆ, ಉಳಿಸಿಟ್ಟ ದಿಗಂತದ ಬಣ್ಣವನ್ನು ಹಾಲುನೀರಿನಷ್ಟು ತೆಳುವಾಗಿಸಿ ಆ ಭಾಗದ ಮೇಲೆ ಒಂದು ಪದರ ಬಳಿದು, ಪೂರ್ತಿ ಒಣಗಿದ ಮೇಲೆ ಇನ್ನೊಂದು ಬೇಕೇ ಎಂದು ನಿರ್ಧರಿಸಬೇಕು.